ಮುತ್ತು ಕಟ್ಟಿದ ಕಾಲ, ಮುಂಗಡ ಕೊಟ್ಟ ಕಾಲ

ಶ್ರಾವಣ ಬಂತೆಂದರೆ ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಯಲ್ಲಿ ಕನ್ನಡದವರು ಯಾರು, ತೆಲುಗಿನವರು ಯಾರು ಎಂದು ಕೇಳುವವರಿಲ್ಲ. ರಾಯಚೂರು, ಬಳ್ಳಾರಿ ಕಡೆಯವರೂ ಆದೋನಿ ಕಡೆಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಅಲ್ಲಿಯವರೆಗೆ ಅವು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಗಡಿ ಬಂದರೂ ಬೀಗತನ ನಿಲ್ಲಲಿಲ್ಲ. ಅದರಂತೆಯೇ ಒಂದು ಕೇಡೂ ಗಡಿಯ ಎರಡೂ ಬದಿ ಉಳಿಯಿತು. ಅದು ಎಳೆಯರನ್ನು ಬೆಲೆ ಕಟ್ಟಿ ಸಾಗಿಸುವ ಕೇಡು.

ಈ ಸೀಮೆಯಲ್ಲಿ ಗಂಡು ಸಂತಾನವಿಲ್ಲದ ಕೆಲವು ಮನೆತನಗಳು ಮಗಳಿಗೆ ಮುತ್ತು ಕಟ್ಟಿಸಿ ಬಸವಿ ಬಿಡುತ್ತಿದ್ದವು. ಆಕೆಗೆ ಮದುವೆಯಿಲ್ಲ. ತವರಿನಲ್ಲೇ ಇದ್ದು, ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ ತಂದೆತಾಯಿಯರನ್ನು ಸಾಕಬೇಕು. ಆದರೆ ಆಸ್ತಿಯೇ ಇಲ್ಲದ ಬಡವರ ಮನೆಯಲ್ಲಿ ಹಕ್ಕು ಎಲ್ಲಿಂದ ಬರಬೇಕು? ಹೊರೆ ಮಾತ್ರ ಉಳಿಯಿತು. ಬರಗಾಲ ಬಂದಾಗ ದಲ್ಲಾಳಿಗೆ ಇಂಥ ಮನೆಯ ದಾರಿ ಗೊತ್ತಿರುತ್ತಿತ್ತು.

ಕಾನೂನು ಇರಲಿಲ್ಲವೆಂದಲ್ಲ. ಎಳೆಯರನ್ನು ವೇಶ್ಯಾವೃತ್ತಿಗೆ ಮಾರುವುದೂ ಕೊಳ್ಳುವುದೂ 1860ರ ದಂಡ ಸಂಹಿತೆಯಲ್ಲೇ ಅಪರಾಧವಾಗಿತ್ತು. ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ವರ್ಷಗಟ್ಟಲೆ ಹೋರಾಡಿದ ಮೇಲೆ, 1947ರಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಬಂತು. ಆಗ ಆದೋನಿಗೂ ಬಳ್ಳಾರಿಗೂ ಅದೊಂದೇ ಕಾಯ್ದೆ. ಮುಂದೆ ಕರ್ನಾಟಕ 1982ರಲ್ಲಿ, ಆಂಧ್ರಪ್ರದೇಶ 1988ರಲ್ಲಿ ತಮ್ಮ ತಮ್ಮ ಕಾಯ್ದೆ ತಂದವು. ಒಂದೇ ಕೇಡಿಗೆ ಮೂರು ಸಲ ಕಾಯ್ದೆ ಮಾಡಬೇಕಾಯಿತು. ಏಕೆಂದರೆ ಮುತ್ತು ಕಟ್ಟಿಸುವವರು ಹೊರಗಿನವರಲ್ಲ, ಹೆತ್ತವರೇ. ದೂರು ಕೊಡುವವರು ಯಾರು?

ಕಾಲ ಬದಲಾಯಿತು, ಕೇಡು ವೇಷ ಬದಲಿಸಿತು. 1970ರ ದಶಕದಲ್ಲಿ ಸಂಕರಣ ಹತ್ತಿ ಬಂತು. ಅದರ ಬೀಜ ಮಾಡಲು ಸಂಜೆ ಮೊಗ್ಗಿನ ಕೇಸರ ತೆಗೆದು, ಮರುದಿನ ಬೆಳಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಒಂದೊಂದು ಹೂವಿಗೂ ಕೈಯೇ ಬೇಕು. ಪುಟ್ಟ ಬೆರಳೇ ಬೇಕೆಂಬ ನೆಪ ಹೇಳಿ, ಕಡಿಮೆ ಕೂಲಿಗೆ ಹೆಣ್ಣುಮಕ್ಕಳನ್ನು ತಂದರು. ಕರ್ನೂಲು ಜಿಲ್ಲೆಯ ಹೊಲಗಳಲ್ಲೂ ಹೀಗೆಯೇ ನಡೆಯಿತು. ತಂದೆತಾಯಿಯ ಕೈಗೆ ಮುಂಗಡ ಬಿತ್ತು, ಮಗು ಶಾಲೆ ಬಿಟ್ಟಿತು. ಮುತ್ತಿನ ಬದಲು ಸಾಲ ಕೊರಳಿಗೆ ಬಿತ್ತು.

ದುಡಿಯಲು ಊರು ಬಿಡುವುದು ತಪ್ಪಲ್ಲ. ನಾವು ಗುಳೆ ಎನ್ನುತ್ತೇವೆ, ತೆಲುಗಿನವರು ವಲಸ ಎನ್ನುತ್ತಾರೆ. ಕೋಸಿಗಿ, ಕೌತಾಳಂ ಕಡೆಯಿಂದ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಜನ ಹೋಗುತ್ತಾರೆ, ಬರುತ್ತಾರೆ. ಹೋದವರು ಬೇಕೆಂದಾಗ ಬರಲಾರದಿದ್ದರೆ ಅದು ಗುಳೆಯಲ್ಲ, ಸೆರೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಕಲಿಸಬೇಕು. ದೊಡ್ಡ ಪಾಠವೇನೂ ಬೇಡ. ಕರೆದೊಯ್ಯುವವರು ಯಾವ ಊರಿನವರು? ಕೆಲಸದ ಜಾಗ ಯಾವುದು? ಕೂಲಿ ಯಾರ ಕೈಗೆ? ನಡುವೆ ಬಿಟ್ಟು ಬರಬಹುದೇ? ವರದಕ್ಷಿಣೆ ಬೇಡ, ಖರ್ಚೂ ನಮ್ಮದೇ ಎಂದು ದೂರದ ಗುರುತಿಲ್ಲದ ವರ ಬಂದರೆ, ಅವನ ಊರಿಗೆ ಹೋಗಿ ಮನೆ ನೋಡಿ ಬಂದವರು ಯಾರು? ಇಷ್ಟು ಕೇಳುವ ಮಗಳನ್ನು ಎದುರುತ್ತರ ಕೊಡುತ್ತಾಳೆಂದು ಗದರಿಸಬೇಡಿ.

ಇನ್ನೊಂದು ಮಾತು. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಯಾರಾದರೂ ಹಿಡಿದಿಟ್ಟರೆ ಹೆದರಬೇಡಿ. 1976ರ ಜೀತ ನಿರ್ಮೂಲನ ಕಾಯ್ದೆಯ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ಅದು ರದ್ದಾದಂತೆಯೇ. ಮಕ್ಕಳ ವಿಷಯಕ್ಕೆ 1098, ಪೊಲೀಸರಿಗೆ 112. ಎರಡೂ ರಾಜ್ಯಗಳಲ್ಲಿ ಸಂಖ್ಯೆ ಒಂದೇ.

ಮುತ್ತು ಕಟ್ಟಿದಾಗ ಊರು ಸುಮ್ಮನಿತ್ತು. ಮುಂಗಡ ಎಣಿಸುವಾಗಲೂ ಸುಮ್ಮನಿರುವುದು ಬೇಡ. ಬರುವ ಶ್ರಾವಣದಲ್ಲಿ ಈರಣ್ಣನ ಸನ್ನಿಧಿಯಲ್ಲಿ ಬೀಗರು ಸಿಕ್ಕಾಗ ಮಳೆ ಬೆಳೆಯ ಜೊತೆಗೆ ಇದನ್ನೂ ಕೇಳಿ: ನಿಮ್ಮ ಓಣಿಯ ಹುಡುಗಿಯರೆಲ್ಲ ಶಾಲೆಯಲ್ಲಿದ್ದಾರೆಯೇ?