ಪತ್ರಿಕಾಲಯದಿಂದ ರಾಜಭವನಕ್ಕೆ

ಪತ್ರಕರ್ತನು ರಾಜಕಾರಣಿಯಾಗಬಹುದೆ? ಆಗಬಹುದು. ಆದ ಮೇಲೂ ಅವನಲ್ಲಿ ಪತ್ರಕರ್ತನು ಉಳಿದಿರುವನೆ? ಇದು ಸುಲಭವಾಗಿ ಉತ್ತರಿಸುವ ಪ್ರಶ್ನೆಯಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳು ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯ ಹುಡುಗರಿಗೆ ಇಟಲಿಯ ಏಕೀಕರಣದ ಪಾಠ ಬಂದಾಗ ಕಾವೂರನ ಹೆಸರು ಬಾಯಿಪಾಠವಾಗುತ್ತದೆ. ಅವನು ಪತ್ರಿಕೆಯಿಂದ ಹೊರಟು ಮಂತ್ರಿಪದವಿಗೆ ಬಂದವನೆಂಬುದು ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ. ಅದೇ ದಾರಿಯನ್ನು ನಡೆದ ಕನ್ನಡಿಗರೊಬ್ಬರು ಧಾರವಾಡದಲ್ಲಿ ಇದ್ದರೆಂಬುದಂತೂ ಅನೇಕರಿಗೆ ತಿಳಿಯದು. ಅವರು ರಂಗನಾಥ ರಾಮಚಂದ್ರ ದಿವಾಕರರು.

ಮೊದಲು ಇಟಲಿಯ ಮಾತು. 1847ರ ಕೊನೆಯಲ್ಲಿ ಕಾವೂರನು ತೂರಿನ್ ನಗರದಲ್ಲಿ ಒಂದು ಪತ್ರಿಕೆಯನ್ನು ಹೊರಡಿಸಿದನು. ಅದರ ಹೆಸರು 'ಇಲ್ ರಿಸೊರ್ಜಿಮೆಂತೊ', ಎಂದರೆ ಪುನರುತ್ಥಾನ. ಆಗ ಇಟಲಿ ಎಂಬ ರಾಜ್ಯ ಇರಲಿಲ್ಲ. ಆ ಹೆಸರಿನ ನಾಡು ಹಲವು ದೊರೆತನಗಳಲ್ಲಿ ಹಂಚಿಹೋಗಿತ್ತು. ಐದು ವರ್ಷಗಳಲ್ಲಿ ಅವನು ಪ್ರಧಾನಮಂತ್ರಿಯಾದನು. 1861ರ ಮಾರ್ಚಿಯಲ್ಲಿ ಇಟಲಿಯ ರಾಜ್ಯ ಘೋಷಿತವಾಯಿತು. ಜೂನ್ ತಿಂಗಳಲ್ಲಿ ಅವನು ತೀರಿಕೊಂಡನು. ಪತ್ರಿಕೆಯ ತಲೆಬರಹದಲ್ಲಿ ಕಂಡ ಕನಸು ಭೂಪಟಕ್ಕೆ ಇಳಿಯಲು ಬೇಕಾದದ್ದು ಹದಿಮೂರು ವರ್ಷ ಮಾತ್ರ.

ನಮ್ಮ ನಾಡಿನ ಸ್ಥಿತಿಯೂ ಹಾಗೆಯೇ ಇತ್ತಲ್ಲವೆ? ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೆ, ಬಳ್ಳಾರಿ ಮದ್ರಾಸಿಗೆ, ಕಲಬುರ್ಗಿ ನಿಜಾಮನಿಗೆ, ನಮ್ಮ ತುಮಕೂರಿನ ಸೀಮೆ ಮೈಸೂರು ಮಹಾರಾಜರಿಗೆ. ಪಾವಗಡದವರಿಗೆ ಗಡಿಯೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರದ ನೆಲ. ಗಡಿಯಾಚೆಗೂ ಕನ್ನಡದ ಮಾತು ಕೇಳುತ್ತದೆ. ಹೀಗೆ ಹರಿದುಹೋದ ನಾಡನ್ನು ಹೊಲಿಯಲು ದಾರ ಬೇಕಿತ್ತು. ಪತ್ರಿಕೆ ಅಂಥ ದಾರವಾಯಿತು.

ದಿವಾಕರರು ಹುಟ್ಟಿದ್ದು 1894ರಲ್ಲಿ, ಧಾರವಾಡದಲ್ಲಿ. ಎಂ.ಎ., ಎಲ್‌ಎಲ್.ಬಿ. ಪದವಿಗಳನ್ನು ಪಡೆದವರು ಸರ್ಕಾರಿ ಕುರ್ಚಿಯನ್ನೋ ವಕೀಲಿಯನ್ನೋ ಹಿಡಿದು ನಿಶ್ಚಿಂತರಾಗಿರಬಹುದಾಗಿತ್ತು. ಅಸಹಕಾರದ ಗಾಳಿ ಬೀಸುತ್ತಿದ್ದ 1921ರಲ್ಲಿ ಅವರು 'ಕರ್ಮವೀರ' ವಾರಪತ್ರಿಕೆಯನ್ನು ಆರಂಭಿಸಿದರು. ಅದರ ಮೊದಲ ದಿನಗಳಲ್ಲೇ ರಾಜದ್ರೋಹದ ಆಪಾದನೆ ಬಂದಿತು. ಸಂಪಾದಕರ ಕುರ್ಚಿಯಿಂದ ಸೆರೆಮನೆಗೆ ಹೋದರು. ಅದೇ ಬಳಗದ ಕೈಯಲ್ಲಿ ಬೆಳೆದ ಇನ್ನೊಂದು ಪತ್ರಿಕೆಗೆ 'ಸಂಯುಕ್ತ ಕರ್ನಾಟಕ' ಎಂಬ ಹೆಸರು. ಬೆಳಗಾವಿಯಲ್ಲಿ ಹುಟ್ಟಿದ ಆ ಪತ್ರಿಕೆಯನ್ನು ಲೋಕಶಿಕ್ಷಣ ಟ್ರಸ್ಟು ವಹಿಸಿಕೊಂಡು ಹುಬ್ಬಳ್ಳಿಯಲ್ಲಿ ನೆಲೆಗೊಳಿಸಿತು. ಇಲ್ಲದ ರಾಜ್ಯವನ್ನು ಇದೆಯೆಂಬಂತೆ ತಲೆಯ ಮೇಲೆ ಅಚ್ಚುಮಾಡಿಕೊಂಡು ಬರುತ್ತಿದ್ದ ಪತ್ರಿಕೆ ಅದು. ಕಾವೂರನ ಪತ್ರಿಕೆಯ ಹೆಸರನ್ನು ಬಲ್ಲವರಿಗೆ ಈ ಸಾಮ್ಯ ಹೊಳೆಯದೆ ಇರದು.

ಸಾಹಿತ್ಯವೂ ಇದೇ ಕೆಲಸವನ್ನು ಮಾಡುತ್ತಿತ್ತು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು 'ವಿಜ್ಞಾನ' ಪತ್ರಿಕೆಯನ್ನು ನಡೆಸಿದ್ದ ನಮ್ಮ ತುಮಕೂರು ಸೀಮೆಯ ಬೆಳ್ಳಾವೆ ವೆಂಕಟನಾರಣಪ್ಪನವರು. ಮರುವರ್ಷ ಬಳ್ಳಾರಿಯ ಸಮ್ಮೇಳನಕ್ಕೆ ದಿವಾಕರರು. ಮೈಸೂರಿನವರು ಉತ್ತರಕ್ಕೆ, ಧಾರವಾಡದವರು ಮದ್ರಾಸಿನ ಪ್ರಾಂತಕ್ಕೆ. ರಾಜಕೀಯದ ಗಡಿಗಳು ಇದ್ದಲ್ಲಿಯೇ ಇದ್ದವು. ಜನರು ಮಾತ್ರ ಅವನ್ನು ದಾಟಿ ಒಂದೇ ಚಪ್ಪರದಡಿ ಕುಳಿತರು.

ಮುಂದಿನ ಕಥೆಯನ್ನು ಚುಟುಕಾಗಿ ಹೇಳಬಹುದು. 1930ರ ನಂತರ ದಿವಾಕರರು ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದರು. 1942ರಲ್ಲಿ ಭೂಗತರಾದರು, 1944ರಲ್ಲಿ ಗಾಂಧೀಜಿಯ ಸಲಹೆಯಂತೆ ಹೊರಗೆ ಬಂದರು. ಸಂವಿಧಾನ ಸಭೆಯ ಸದಸ್ಯರಾದರು. ಬಳಿಕ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಬರೆದದ್ದಕ್ಕಾಗಿ ಸೆರೆಮನೆ ಕಂಡವರು ಈಗ ವಾರ್ತೆಗಳ ಮಂತ್ರಿ. 1951ರಲ್ಲಿ ಸಂವಿಧಾನದ ಮೊದಲನೆಯ ತಿದ್ದುಪಡಿ ಬಂದು ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳ ವ್ಯಾಪ್ತಿ ಹೆಚ್ಚಿತು. ಅದೇ ವರ್ಷ ಗೃಹಮಂತ್ರಿ ರಾಜಾಜಿಯವರು ಹೊಸದೊಂದು ಪತ್ರಿಕಾ ಕಾನೂನನ್ನು ತಂದರು. ಪತ್ರಕರ್ತರು ಪ್ರತಿಭಟಿಸಿದರು. ದಿವಾಕರರು ಅದೇ ಸರ್ಕಾರದಲ್ಲಿದ್ದರು. ಪರಕೀಯರ ಕಾನೂನಿನಲ್ಲಿ ಅಧಿಕಾರಿಯು ಠೇವಣಿ ಕೇಳುತ್ತಿದ್ದನು, ಇದರಲ್ಲಿ ನ್ಯಾಯಾಧೀಶನು ತೀರ್ಮಾನಿಸಬೇಕಾಗಿತ್ತು ಎಂಬ ಭೇದ ಉಂಟು. 1956ರಲ್ಲಿ ಅವಧಿ ಮುಗಿದು ಆ ಕಾನೂನು ಬಿದ್ದುಹೋಯಿತೆಂಬುದೂ ನಿಜ. ಆದರೂ 1921ರ ಸಂಪಾದಕರು 1951ರ ಮಂತ್ರಿಯನ್ನು ಕುರಿತು ಅಗ್ರಲೇಖನ ಬರೆಯಬೇಕಾಗಿದ್ದರೆ ಏನು ಬರೆಯುತ್ತಿದ್ದರು? ದಿವಾಕರರ ಮೇಲಿನ ಗೌರವ ಈ ಪ್ರಶ್ನೆಯನ್ನು ನುಂಗಿಬಿಡಬಾರದು.

ಇಟಲಿಯತ್ತ ಮತ್ತೊಮ್ಮೆ ನೋಡಿದರೆ ಪ್ರಶ್ನೆಯ ತೂಕ ತಿಳಿಯುತ್ತದೆ. ಆಸ್ಟ್ರಿಯದ ಆಳ್ವಿಕೆಯಲ್ಲಿದ್ದ ತ್ರೆಂತೊ ಎಂಬ ಗಡಿನಗರದಲ್ಲಿ 1909ರಲ್ಲಿ ಇಬ್ಬರು ಪತ್ರಕರ್ತರು ಎದುರುಬದುರಾಗಿದ್ದರು. ಒಬ್ಬನು ಮುಸೊಲಿನಿ, ಇನ್ನೊಬ್ಬನು ದೆ ಗಾಸ್ಪೆರಿ. ಮೊದಲನೆಯವನು 1922ರಲ್ಲಿ ಅಧಿಕಾರ ಹಿಡಿದು ಕೆಲವೇ ವರ್ಷಗಳಲ್ಲಿ ವಿರೋಧಿಗಳ ಪತ್ರಿಕೆಗಳ ಬಾಯಿ ಮುಚ್ಚಿಸಿದನು. ಎರಡನೆಯವನನ್ನು 1927ರಲ್ಲಿ ಸೆರೆಗೆ ತಳ್ಳಿದನು. ಬಿಡುಗಡೆಯಾದ ದೆ ಗಾಸ್ಪೆರಿ ವ್ಯಾಟಿಕನ್ನಿನ ಪುಸ್ತಕಭಂಡಾರದಲ್ಲಿ ದುಡಿದು ಹೊಟ್ಟೆ ಹೊರೆದನು. 1945ರ ಕೊನೆಗೆ ಪ್ರಧಾನಿಯಾಗಿ 1953ರವರೆಗೆ ಇಟಲಿಯನ್ನು ಪ್ರಜಾಪ್ರಭುತ್ವದ ದಾರಿಯಲ್ಲಿ ನಡೆಸಿದನು. ಕಸುಬು ಒಂದೇ, ಊರೂ ಒಂದೇ. ಲೇಖನಿ ತಾನಾಗಿ ಯಾರನ್ನೂ ಸಜ್ಜನನನ್ನಾಗಿ ಮಾಡುವುದಿಲ್ಲ. ಎದುರಾಳಿಯ ಲೇಖನಿಯನ್ನು ಸಹಿಸುವ ಗುಣವೇ ಇಲ್ಲಿ ಒರೆಗಲ್ಲು.

ಈ ಒರೆಗಲ್ಲಿಗೆ ದಿವಾಕರರ ಜೀವನವನ್ನು ತಿಕ್ಕಿದರೆ ಚಿನ್ನದ ಗೆರೆಯೇ ಮೂಡುತ್ತದೆ, ಒಂದೆರಡು ಕಡೆ ಮಸುಕಾದರೂ. ಅಧಿಕಾರ ಅವರಿಗೆ ಕೊನೆಯ ನಿಲ್ದಾಣವಾಗಲಿಲ್ಲ. 1952ರಿಂದ 1957ರವರೆಗೆ ಬಿಹಾರದ ರಾಜ್ಯಪಾಲರಾಗಿದ್ದರು. ಆ ನಾಡಿನ ಇತಿಹಾಸವನ್ನು ಕುರಿತ ದೊಡ್ಡ ಗ್ರಂಥವೊಂದನ್ನು ಸಂಪಾದಿಸಿದರು. ಆಮೇಲೆ ಕರ್ನಾಟಕದ ಇತಿಹಾಸಕ್ಕೂ ಅದೇ ಸೇವೆ ಸಲ್ಲಿಸಿದರು. ಮುಂದೆ ಗಾಂಧಿ ಶಾಂತಿ ಪ್ರತಿಷ್ಠಾನವನ್ನು ನಡೆಸಿದರು. 1990ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರಲ್ಲಿನ ಸಂಪಾದಕನು ನಿವೃತ್ತನಾಗಲಿಲ್ಲ.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ದಿವಾಕರರು ದೂರದ ಬಿಹಾರದ ರಾಜ್ಯಪಾಲರು. ಹೊಸ ರಾಜ್ಯಕ್ಕೆ 'ಮೈಸೂರು' ಎಂಬ ಹೆಸರೇ ಉಳಿಯಿತು; 'ಕರ್ನಾಟಕ' ಎಂಬ ಹೆಸರು ಬರಲು 1973 ಆಗಬೇಕಾಯಿತು. ಅಷ್ಟು ದಿನವೂ ಹುಬ್ಬಳ್ಳಿಯ ಆ ಪತ್ರಿಕೆ ಪ್ರತಿ ಮುಂಜಾನೆ ಆ ಹೆಸರನ್ನು ಹೊತ್ತು ಜನರ ಮನೆಬಾಗಿಲಿಗೆ ಹೋಗುತ್ತಲೇ ಇತ್ತು. ಸರ್ಕಾರವು ಗೆಜೆಟ್ಟಿನಲ್ಲಿ ಬರೆಯುವುದಕ್ಕೆ ಬಹಳ ಮೊದಲೇ ಪತ್ರಿಕೆಯೊಂದು ಅದನ್ನು ಬರೆದಿಟ್ಟಿತ್ತು. ಮುಂದಿನ ಸಲ ಕಾವೂರನ ಪಾಠ ಬಂದಾಗ ನಮ್ಮ ಹುಡುಗರಿಗೆ ಈ ಮಾತನ್ನೂ ಹೇಳಬೇಕು.