ಟಬ್ಬು ಬರುವ ಮೊದಲು ಬಚ್ಚಲು: ನಮ್ಮ ಸೀಮೆಯ ಬಿಸಿನೀರಿನ ಜಳಕದ ಚರಿತ್ರೆ

ಬೆಂಗಳೂರು, ಹೈದರಾಬಾದಿನ ದೊಡ್ಡ ಮನೆಗಳಲ್ಲಿ, ರೆಸಾರ್ಟುಗಳಲ್ಲಿ ಈಗ ಹಾಟ್ ಟಬ್ ಇಡಿಸುತ್ತಾರೆ. ನಾಲ್ಕು ಮಂದಿ ಕೂಡುವಷ್ಟು ದೊಡ್ಡ ತೊಟ್ಟಿ, ತುಂಬ ಬಿಸಿನೀರು, ಪಕ್ಕದ ತೂತುಗಳಿಂದ ಗುಳುಗುಳು ಬರುವ ಗಾಳಿ. ಮೊಬೈಲಿನಲ್ಲಿ ವಿಡಿಯೊ ನೋಡಿರುತ್ತೀರಿ. ಅಂಥ ಮನೆಗಳಿಗೆ ಇಟ್ಟಿಗೆ, ಸಿಮೆಂಟು ಹೊತ್ತವರಲ್ಲಿ ನಮ್ಮ ಸುರಪುರ, ಶಹಾಪುರ ಕಡೆಯ ಮಂದಿಯೂ ಇದ್ದಾರೆ.

ಟಬ್ಬು ತರಿಸುವವರು ರೊಕ್ಕ ಎಣಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ. ನೆಲ ಅಷ್ಟು ಭಾರ ತಡೆಯುತ್ತದೆಯೇ? ನೀರು ಎಲ್ಲಿಂದ? ಅದನ್ನು ಕಾಯಿಸುವುದು ಯಾವುದರಿಂದ? ಬಳಸಿದ ನೀರು ಹೋಗುವುದು ಎಲ್ಲಿಗೆ? ಈ ಪ್ರಶ್ನೆಗಳು ಅಮೆರಿಕದಿಂದ ಬಂದವಲ್ಲ. ನಮ್ಮ ಭೀಮಾ ದಂಡೆಯಲ್ಲಿ 600 ವರ್ಷದ ಹಿಂದೆಯೇ ಇವನ್ನು ಕೇಳಿ, ಕಲ್ಲು ಗಾರೆಯಲ್ಲಿ ಉತ್ತರ ಕಟ್ಟಿ ಇಟ್ಟಿದ್ದಾರೆ. ಐದನೆಯ ಪ್ರಶ್ನೆಯೊಂದಿದೆ: ನೀರು ಹೊರುವವರು, ಒಲೆ ಊದುವವರು ಯಾರು? ಅದನ್ನು ಮಾತ್ರ ಆಗಲೂ ಯಾರೂ ಕೇಳಿದಂತಿಲ್ಲ.

ಶಹಾಪುರದಿಂದ ಜೇವರ್ಗಿ ಮೇಲೆ ಕಲಬುರಗಿಗೆ ಹೋಗುವಾಗ ಭೀಮಾ ಹೊಳೆ ಸಿಗುತ್ತದಲ್ಲ, ಅದೇ ಹೊಳೆಯ ದಂಡೆಗೆ ಫಿರೋಜಾಬಾದ್ ಇದೆ. ಬಹಮನಿ ಸುಲ್ತಾನ ಫಿರೋಜ್ ಷಾ 1397ರಿಂದ 1422ರವರೆಗೆ ಆಳಿದವನು. 1400ರ ಸುಮಾರಿಗೆ ಅಲ್ಲಿ ಹೊಸದೊಂದು ಅರಮನೆ ಊರು ಕಟ್ಟಿಸಿದ. ಒಂದು ಕಡೆ ಹೊಳೆ, ಉಳಿದ ಕಡೆ ಕಲ್ಲಿನ ಕೋಟೆ. ಒಳಗೆ ದೊಡ್ಡ ಮಸೀದಿ, ಅರಮನೆ, ಮತ್ತೆ ಹಮಾಮು, ಅಂದರೆ ಬಿಸಿನೀರಿನ ಜಳಕದ ಮನೆ. ಅವನ ತಮ್ಮ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಊರು ಪಾಳುಬಿತ್ತು. ಆದರೂ ಸಣ್ಣ ಸಣ್ಣ ಗುಮ್ಮಟದ ಹಮಾಮು ಇವತ್ತಿಗೂ ಗುರುತು ಸಿಗುತ್ತದೆ. ದಕ್ಖನ್ ಸೀಮೆಯಲ್ಲಿ ಉಳಿದಿರುವ ಹಮಾಮುಗಳಲ್ಲಿ ಬಹಳ ಹಳೆಯವು ಇವು. ಜಾರ್ಜ್ ಮಿಷೆಲ್ ಮತ್ತು ರಿಚರ್ಡ್ ಈಟನ್ ಎಂಬ ವಿದ್ವಾಂಸರು ಈ ಪಾಳು ಊರಿನ ಮೇಲೆಯೇ 1992ರಲ್ಲಿ ಒಂದು ಪುಸ್ತಕ ತಂದರು. ನಮ್ಮವರು ಬಹಳ ಮಂದಿ ಆ ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡುತ್ತ ದಾಟುತ್ತೇವೆ.

ಹಮಾಮು ಅಂದರೆ ತೊಟ್ಟಿ ತಂದು ಇಡುವುದಲ್ಲ. ಇಡೀ ಕಟ್ಟಡವೇ ಒಂದು ಹಂಡೆ ಅನ್ನಿ. ಒಂದು ಪಕ್ಕದಲ್ಲಿ ಒಲೆ, ಅದರ ಮೇಲೆ ನೀರು ಕಾಯುವ ತೊಟ್ಟಿ. ಒಲೆಯ ಬಿಸಿ ಹೊಗೆ ನೇರ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕಲ್ಲುಹಾಸಿನ ಕೆಳಗಿನ ಟೊಳ್ಳು ದಾರಿಯಲ್ಲಿ ಹರಿದು ನೆಲ ಕಾಯಿಸುತ್ತದೆ, ಆಮೇಲೆ ಗೋಡೆಯೊಳಗಿನ ಕೊಳವೆಯಿಂದ ಹೊರಬೀಳುತ್ತದೆ. ನೀರು ಬರುವುದಕ್ಕೆ ಮಣ್ಣಿನ ಕೊಳವೆ, ಹೋಗುವುದಕ್ಕೆ ನೆಲದ ಇಳಿಜಾರು ಮತ್ತು ಕಾಲುವೆ. ಕಿಟಕಿ ಇಟ್ಟರೆ ಬಿಸಿ ಹೋಗುತ್ತದೆಂದು ಕಿಟಕಿಯೇ ಇಲ್ಲ; ಬೆಳಕಿಗೆ ಗುಮ್ಮಟದಲ್ಲಿ ಸಣ್ಣ ತೂತು. ಗೋಡೆಗೆ ಸುಣ್ಣದ ಗಾರೆ, ಹನಿ ನೀರೂ ಹೀರಬಾರದು. ಬಟ್ಟೆ ಬಿಚ್ಚುವ ಕೋಣೆ ತಣ್ಣಗೆ, ನಡುವಿನದು ಬೆಚ್ಚಗೆ, ಕೊನೆಯದು ಬಿಸಿ. ಮೈಗೆ ಒಮ್ಮೆಲೆ ಝಳ ಬಡಿಯಬಾರದು ಎಂಬ ಲೆಕ್ಕ.

ಬೀದರ ಕೋಟೆಯೊಳಗೂ ಶಾಹಿ ಹಮಾಮು ಇದೆ. ಅದರಲ್ಲೇ ಪುರಾತತ್ವ ಇಲಾಖೆಯ ವಸ್ತು ಸಂಗ್ರಹಾಲಯ ಮಾಡಿದ್ದಾರೆ. ಬೀದರ ಇರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ, ಅಲ್ಲಿ ನೀರಿನದೇ ತಾಪತ್ರಯ. ಅದಕ್ಕೆಂದೇ ನೆಲದಡಿ ಸುರಂಗ ತೋಡಿ, ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟು, ಬಸಿದ ನೀರನ್ನು ಊರಿನ ಕಡೆ ಹರಿಸಿದರು. ನೌಬಾದಿನ ಕರೇಜ್, ನಮ್ಮ ಮಾತಿನಲ್ಲಿ ಸುರಂಗ ಬಾವಿ, ಅದೇ. ವಿಜಯಪುರದ ಆದಿಲ್‌ಶಾಹಿಗಳು ತೊರವಿ ಕಡೆಯಿಂದ, 1651ರಲ್ಲಿ ಕಟ್ಟಿದ ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆ ಹಾಕಿ ಊರೊಳಗೆ ನೀರು ತಂದರು. ಅರಮನೆಯ ಜಳಕಕ್ಕೆ ಮೊದಲು ಊರಿನ ನೀರು ಸರಿಯಾಗಬೇಕಿತ್ತು ಅನ್ನುವುದು ಇಲ್ಲಿ ಕಾಣುತ್ತದೆ.

ಹಮಾಮು ಬರುವ ಮುಂಚೆ ನಮ್ಮಲ್ಲಿ ಜಳಕದ ಸುಖ ಗೊತ್ತಿರಲಿಲ್ಲ ಅಂತೇನಿಲ್ಲ. ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗ ಎಂದು ಬೇರೆ ಅಧ್ಯಾಯವೇ ಇದೆ. ಆದರೆ ಅದು ದೊರೆಯ ಮಾತು. ನಮ್ಮ ನಿಮ್ಮ ಮನೆಯ ಹಾಟ್ ಟಬ್ ಯಾವುದು ಅಂದರೆ ತಾಮ್ರದ ಹಂಡೆ.

ಹಂಡೆ ಒಲೆ ಹೂಡುವುದೂ ಒಂದು ವಿದ್ಯೆಯೇ. ಹತ್ತು ಕೊಡದ ಹಂಡೆ ತುಂಬಿದರೆ ನೀರಿನದೇ ಒಂದು ಕ್ವಿಂಟಲಿಗೂ ಮೇಲೆ ಭಾರ. ಆದ್ದರಿಂದ ಗಟ್ಟಿ ನೆಲ ನೋಡಿ, ಬಚ್ಚಲ ಮೂಲೆಯಲ್ಲಿ ಕಲ್ಲು ಕೂಡಿಸಿ, ಕೆಸರು ಮಣ್ಣು ಮೆತ್ತಿ, ಹಂಡೆಯ ಹೊಟ್ಟೆ ಒಲೆಯೊಳಗೆ ಇಳಿಯುವಂತೆ ಕೂಡಿಸಬೇಕು. ಬಾಯಿ ಮೇಲೆ, ಉರಿ ಸುತ್ತಲೂ. ತಿಳಿದವರು ಒಲೆಯ ಬಾಯಿಯನ್ನು ಗೋಡೆಯ ಆಚೆಗೆ ಇಡಿಸುತ್ತಿದ್ದರು, ಹೊಗೆ ಒಳಗೆ ಬರುವುದಿಲ್ಲ. ಕೆಳಗೆ ಶಹಾಬಾದ್ ಪರಸಿ, ಅದಕ್ಕೆ ಮೋರಿ ಕಡೆಗೆ ಎರಡು ಬೆರಳು ಇಳಿಜಾರು. ಉರುವಲಿಗೆ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ಬೂದಿ ಪಾತ್ರೆ ತಿಕ್ಕಲು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇದೇ ಹಂಡೆಯನ್ನು ಹುಣಸೆಹುಳಿ ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಬಳ್ಳಿ ಕಟ್ಟಿ ಪೂಜೆ ಮಾಡುತ್ತಾರೆ. ಬೀದರದ ಹಮಾಮಿಗೂ ಈ ಒಲೆಗೂ ದೊಡ್ಡ ಫರಕಿಲ್ಲ: ಭಾರ ನೆಲಕ್ಕೆ, ಹೊಗೆ ಹೊರಕ್ಕೆ, ನೀರು ತಗ್ಗಿಗೆ.

ಆದರೆ ಹಂಡೆ ತಾನಾಗಿ ತುಂಬುವುದಿಲ್ಲ. ಹತ್ತು ಕೊಡ ಅಂದರೆ ಬಾವಿಗೋ ಕೆರೆಗೋ ಹತ್ತು ಸಲ. ಮನೆಯಲ್ಲಿ ಬಾಣಂತಿ ಇದ್ದರೆ ಹಂಡೆ ಹಂಡೆ ನೀರು, ಬೆಳಗು ಹರಿಯುವ ಮುಂಚೆಯೇ ಒಲೆ ಉರಿಯಬೇಕು. ಅಷ್ಟು ಹೊತ್ತಿಗೆ ಎದ್ದು ಊದುಗೊಳವೆ ಹಿಡಿದವರು ಅವ್ವ, ಅತ್ತಿ, ಸೊಸಿ. ಕೊನೆಗೆ ಜಳಕ ಮಾಡುವವರೂ ಅವರೇ, ಆ ಹೊತ್ತಿಗೆ ನೀರು ಆರಿರುತ್ತದೆ. ವಾಡೆಗಳಿಗೆ, ಸಾಹೇಬರ ಬಂಗಲೆಗಳಿಗೆ ಭಿಸ್ತಿಯವರು ತೊಗಲಿನ ಪಖಾಲಿಯಲ್ಲಿ ನೀರು ಹೊತ್ತು ತರುತ್ತಿದ್ದರು. ಇಂಗ್ಲಿಷರ ಬಂಗಲೆಯ ಬಾತ್‌ರೂಮಿನಲ್ಲಿಯೂ ನಳ ಇರಲಿಲ್ಲ. ತಗಡಿನ ಟಬ್ಬು, ಹೊತ್ತು ತಂದು ಸುರಿದ ಬಿಸಿನೀರು, ಗೋಡೆಗೊಂದು ತೂತು, ಅಷ್ಟೇ. ಇನ್ನು ಬಾವಿಯ ಹಗ್ಗ ಮುಟ್ಟಲಿಕ್ಕೂ ಬಿಡದ ಓಣಿಗಳ ಮಂದಿಗೆ ಬಿಸಿನೀರಿನ ಮಾತು ಆಮೇಲೆ, ಮೊದಲು ನೀರಿನದೇ ಜಗಳ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದದ್ದು ಈ ಹಕ್ಕಿಗೇ. ಜಳಕದ ಚರಿತ್ರೆ ಬರೆಯುವವರು ಗುಮ್ಮಟ ಬಣ್ಣಿಸಿ ಈ ಪುಟ ಬಿಟ್ಟುಬಿಡುತ್ತಾರೆ, ನಮಗೆ ಅದು ಸರಿ ಕಾಣುವುದಿಲ್ಲ.

ನಮ್ಮ ಬೋನಾಳದ ಕೆರೆಯನ್ನೇ ತೆಗೆದುಕೊಳ್ಳಿ. ಇವತ್ತು ಅದು ಪಕ್ಷಿಧಾಮವೆಂದು ಹೆಸರುವಾಸಿ. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ ಕೆರೆ, 19ನೇ ಶತಮಾನದಲ್ಲಿ ಫಿಲಿಪ್ ಮೆಡೋಸ್ ಟೇಲರ್ ಅದನ್ನು ಸುಧಾರಿಸಿದ ಎಂದು ಹೇಳುತ್ತಾರೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅವನದೇ. ಒಂದು ಸೀಮೆ ಜಳಕಕ್ಕೆ ಸಜ್ಜಾಗುವುದು ಹೀಗೆ: ಮೊದಲು ಕೆರೆ, ಆಮೇಲೆ ಬಾವಿ, ಆಮೇಲೆ ಬಚ್ಚಲು.

ಈಗ ಟಬ್ಬಿನ ಕಥೆಗೆ ಬರೋಣ. ಅದು ಹುಟ್ಟಿದ್ದು ಕೃಷಿ ಪಂಪಿನಿಂದ ಅಂದರೆ ನಂಬುತ್ತೀರಾ? ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ದುಡಿಯಲು ಹೋದ ಜಕೂಜಿ ಎಂಬ ಅಣ್ಣತಮ್ಮಂದಿರು ಮೊದಲು ವಿಮಾನದ ರೆಕ್ಕೆಚಕ್ರ ಮಾಡುತ್ತಿದ್ದರು. 1920ರ ದಶಕದಲ್ಲಿ ಹೊಲದ ಬಾವಿಗಳಿಗೆ ಜೆಟ್ ಪಂಪು ಮಾಡತೊಡಗಿದರು. ಮೇಲೆತ್ತಿದ ನೀರಿನಲ್ಲಿ ಒಂದಿಷ್ಟನ್ನು ಸಣ್ಣ ಮೂತಿಯಿಂದ ಜೋರಾಗಿ ಕೆಳಗೆ ಬಿಟ್ಟರೆ ಅದು ಇನ್ನಷ್ಟು ನೀರನ್ನು ಎಳೆದು ತರುತ್ತದೆ, ಇದೇ ಆ ಪಂಪಿನ ಗುಟ್ಟು. ಅವರಲ್ಲಿ ಒಬ್ಬನಾದ ಕ್ಯಾಂಡಿಡೊನ ಮಗನಿಗೆ ಸಣ್ಣ ವಯಸ್ಸಿನಲ್ಲೇ ಸಂಧಿವಾತ. ಆಸ್ಪತ್ರೆಯಲ್ಲಿ ಸುಳಿಯುವ ಬಿಸಿನೀರಿನಲ್ಲಿ ಕೂಡಿಸಿದರೆ ಹುಡುಗನಿಗೆ ನೋವು ಕಡಿಮೆ. ಅದನ್ನು ಮನೆಯಲ್ಲೇ ಮಾಡಬಾರದೇಕೆ ಎಂದು ಅಪ್ಪ ಪಂಪಿನ ವಿದ್ಯೆ ಬಳಸಿ ಟಬ್ಬಿನೊಳಗೆ ಇಳಿಸುವ ಸಣ್ಣ ಪಂಪು ಮಾಡಿದ. 1956ರಲ್ಲಿ ಅದು ಮಾರಾಟಕ್ಕೆ ಬಂತು. 1968ರಲ್ಲಿ ಅದೇ ಮನೆತನದ ರಾಯ್ ಜಕೂಜಿ ಪಂಪು, ಮೂತಿ ಎಲ್ಲ ತೊಟ್ಟಿಯೊಳಗೇ ಸೇರಿಸಿದ ಟಬ್ಬು ತಂದ. ಸಂಧಿ ನೋವಿನ ಔಷಧ ಶ್ರೀಮಂತರ ಮೋಜಾಯಿತು. ದಿನವಿಡೀ ಬಗ್ಗಿ ಭತ್ತದ ನಾಟಿ ಮಾಡುವ, ಹತ್ತಿ ಬಿಡಿಸುವ ನಮ್ಮ ಹೆಣ್ಣುಮಕ್ಕಳ ಸೊಂಟಕ್ಕೆ ಇದು ಹೆಚ್ಚು ಬೇಕಾಗಿತ್ತು ಅನಿಸುತ್ತದೆ ನಮಗೆ.

ಇರಲಿ, ಲೆಕ್ಕ ಹಾಕೋಣ. ಒಂದು ಲೀಟರ್ ನೀರು ಒಂದು ಕಿಲೊ. ನಾಲ್ಕು ಮಂದಿಯ ಟಬ್ಬಿಗೆ 1200 ಲೀಟರ್ ಹಿಡಿದರೆ ನೀರೇ 12 ಕ್ವಿಂಟಲ್. ತೊಟ್ಟಿ, ಕೂತ ಮಂದಿ ಸೇರಿ 17 ಕ್ವಿಂಟಲ್ ದಾಟುತ್ತದೆ. ಉದ್ದ ಅಗಲ ಎರಡೆರಡು ಮೀಟರ್ ಅಂದರೆ ಒಂದು ಚದರ ಮೀಟರಿಗೆ 400 ಕಿಲೊ ಮೇಲೆ. ಈಗಿನ ಆರ್‌ಸಿಸಿ ಮನೆಯ ಮಹಡಿಯನ್ನೇ ಮಂದಿ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 200 ಕಿಲೊ ಲೆಕ್ಕದಲ್ಲಿ ಕಟ್ಟುತ್ತಾರೆ. ಅದಕ್ಕೇ ಟಬ್ಬನ್ನು ನೆಲದ ಮೇಲೆ, ಕಾಂಕ್ರೀಟ್ ಕಟ್ಟೆ ಹಾಕಿ ಇಡುವುದು. ಇನ್ನೊಂದು: ಟಬ್ಬು ಬಿಚ್ಚಿ ಜೋಡಿಸುವ ಸಾಮಾನಲ್ಲ, ಇಡಿಯಾಗಿ ಬರುತ್ತದೆ. ಮಗ್ಗುಲಿಗೆ ನಿಲ್ಲಿಸಿ ತಂದರೂ ಓಣಿ, ಬಾಗಿಲು, ತಿರುವು ಎಲ್ಲ ಮೊದಲೇ ಅಳೆದು ಇಡಬೇಕು. ನಮ್ಮ ಓಣಿಗಳಲ್ಲಿ ಎತ್ತಿನ ಬಂಡಿಯೇ ತಿರುಗದ ಜಾಗ ಎಷ್ಟಿಲ್ಲ!

ನಮ್ಮೂರುಗಳಿಗೆ ಟಬ್ಬು ಬರಲಿಕ್ಕಿಲ್ಲ. ಆದರೆ ಇದೇ ಲೆಕ್ಕದ ಇನ್ನೊಂದು ಸಾಮಾನು ಬಂದಾಗಿದೆ: ಪ್ಲಾಸ್ಟಿಕ್ ನೀರಿನ ಟ್ಯಾಂಕು, ಅದರ ಪಕ್ಕ ಸೋಲಾರ್ ಹೀಟರು. 500 ಲೀಟರ್ ಟ್ಯಾಂಕು ತುಂಬಿದರೆ ಐದು ಕ್ವಿಂಟಲ್, ಸೋಲಾರಿನ ನೀರು ಬೇರೆ. ಆರ್‌ಸಿಸಿ ಮನೆಯಾದರೆ ಗೋಡೆ ಇಲ್ಲವೇ ಕಂಬದ ನೇರಕ್ಕೆ ಇಡಿಸಿ. ಕಟ್ಟಿಗೆ ತೊಲೆಯ ಮಣ್ಣಿನ ಮಾಳಿಗೆ ಮೊದಲೇ ಮೊಳಗಟ್ಟಲೆ ಮಣ್ಣು ಹೊತ್ತಿರುತ್ತದೆ. ತೊಲೆ ಒಳಗೊಳಗೇ ಹುಳ ತಿಂದಿದ್ದರೂ ಕೆಳಗಿನಿಂದ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ. ಅಂಥ ಮಾಳಿಗೆಯ ಮೇಲೆ ಟ್ಯಾಂಕು ಇಡಬೇಡಿ, ಅದರ ಕೆಳಗೆ ಮಕ್ಕಳು ಮಲಗುತ್ತಾರೆ. ಅಂಗಳದಲ್ಲಿ ಬೇರೆ ಕಲ್ಲಿನ ಕಟ್ಟೆ ಕಟ್ಟಿಸಿದರೆ ಎರಡು ದಿನದ ಕೆಲಸ, ಹೆಚ್ಚೇನಲ್ಲ.

ಕಾಯಿಸುವ ಲೆಕ್ಕವೂ ಇದೆ. 1200 ಲೀಟರ್ ನೀರನ್ನು 25 ಡಿಗ್ರಿಯಿಂದ 39ಕ್ಕೆ ಏರಿಸಲು ಸುಮಾರು 20 ಯೂನಿಟ್ ಕರೆಂಟು. ಹತ್ತು ಸಲ ಹೀಗೆ ಕಾಯಿಸಿದರೆ 200 ಯೂನಿಟ್, ಗೃಹಜ್ಯೋತಿಯ ಮೇಲ್ಮಿತಿಯೇ ಮುಗಿಯಿತು! ಒಬ್ಬರ ಜಳಕಕ್ಕೆ 20 ಲೀಟರಿನ ಬಕೆಟ್ಟು ಸಾಕು, ಅದಕ್ಕೆ ಅರ್ಧ ಯೂನಿಟ್ಟೂ ಬೇಡ. ಆದರೆ ಆ ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಇದೆಯಲ್ಲ, ಅದು ಜೀವ ತೆಗೆಯುವ ಸಾಮಾನು. ಸ್ವಿಚ್ ಆರಿಸಿ, ಪಿನ್ನು ಕಿತ್ತ ಮೇಲೆಯೇ ನೀರು ಮುಟ್ಟಿ. ಬಚ್ಚಲಿಗೆ ಕರೆಂಟು ತರುವ ಮೊದಲು ಅರ್ಥಿಂಗ್ ಮಾಡಿಸಿ, ಸೋರಿದ ಕರೆಂಟು ಕಡಿಯುವ ಆರ್‌ಸಿಸಿಬಿ ಹಾಕಿಸಿ.

ಕೊನೆಗೆ ಉಳಿಯುವುದು ಮೋರಿ. ಹಮಾಮು ಕಟ್ಟಿದವರು ನೀರು ಹೋಗುವ ದಾರಿಯನ್ನು ಕಟ್ಟಡದ ಜೊತೆಗೇ ಕಟ್ಟಿದರು. ನಮ್ಮ ಓಣಿಗಳಲ್ಲಿ ಹೊಸ ಬಚ್ಚಲಿಗೆ ಟೈಲ್ಸ್ ಬರುತ್ತದೆ, ನಳ ಬರುತ್ತದೆ, ನೀರು ಮಾತ್ರ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಸೊಳ್ಳೆ, ಜ್ವರ, ಅಣ್ಣತಮ್ಮರ ನಡುವೆ ಮಾತು ಬಂದ್. ನರೇಗಾ ಕೆಲಸದಲ್ಲಿ ಮನೆಮನೆಗೆ ಬಚ್ಚಲಗುಂಡಿ ಕಟ್ಟಿಸಿಕೊಟ್ಟ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ. ಗುಂಡಿ ತೋಡಿ, ತೂತಿರುವ ಸಿಮೆಂಟ್ ರಿಂಗು ಇಳಿಸಿ, ಸುತ್ತ ಜಲ್ಲಿ ತುಂಬಿ, ಮೇಲೆ ಪರಸಿ ಮುಚ್ಚಿದರೆ ಆಯಿತು. ಗೋಡೆಯ ಬುನಾದಿಯಿಂದ, ಕುಡಿಯುವ ನೀರಿನ ಬಾವಿಯಿಂದ ದೂರ ತೋಡಿ. ನಮ್ಮ ಎರೆಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ, ಆದ್ದರಿಂದ ಗುಂಡಿ ಸ್ವಲ್ಪ ದೊಡ್ಡದೇ ಇರಲಿ. ಜಾಗ ಇದ್ದರೆ ಪಕ್ಕದಲ್ಲಿ ಎರಡು ಬಾಳೆ ಕಂದು ಹಚ್ಚಿ, ಉಳಿದ ನೀರು ಅವು ಕುಡಿಯುತ್ತವೆ.