ಚೀಟಿ, ಗೂಡು, ಕೋಷ್ಟಕ: ಭಾರತದ ಜನಗಣತಿಯಲ್ಲಿ ಉತ್ತರಗಳ ವಿಂಗಡಣೆ

ಜನಗಣತಿಯ ಕೆಲಸ ಮನೆಮನೆಗೆ ಹೋಗಿ ತಲೆ ಎಣಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಹದಿನೈದು ತುಂಬದ ಹೆಣ್ಣುಮಕ್ಕಳಲ್ಲಿ ಮದುವೆಯಾದವರೆಷ್ಟು, ಇಂಥ ಜಾತಿಯ ಗಂಡಸರಲ್ಲಿ ಓದು ಬರಹ ಬಲ್ಲವರೆಷ್ಟು ಎಂದು ಸರ್ಕಾರ ಕೇಳಿದಾಗ, ಒಂದೊಂದು ಷರತ್ತಿಗೂ ಹೊಂದುವ ಉತ್ತರಗಳನ್ನು ರಾಶಿಯಿಂದ ಬೇರ್ಪಡಿಸಿ ಎಣಿಸಬೇಕು. ಭಾರತದಲ್ಲಿ ಈ ವಿಂಗಡಣೆ ದಶಕಗಳ ಕಾಲ ಕೈಯಲ್ಲೇ ನಡೆಯಿತು. ಯಾವ ಷರತ್ತನ್ನು ಮೊದಲು ಹಾಕಲಾಗುತ್ತಿತ್ತು ಎಂಬುದರ ಮೇಲೆ ವರದಿಯ ಸ್ವರೂಪವೂ ನಿಂತಿತ್ತು.

1872ರಿಂದ 1891ರವರೆಗಿನ ಗಣತಿಗಳಲ್ಲಿ ಗೀಟು ಹಾಕುವ ಪದ್ಧತಿಯಿತ್ತು. ಗಣತಿದಾರರು ತುಂಬಿಸಿದ ಪಟ್ಟಿಯನ್ನು ಗುಮಾಸ್ತ ಮುಂದಿಟ್ಟುಕೊಂಡು, ಒಬ್ಬೊಬ್ಬರ ವಿವರ ನೋಡುತ್ತ, ಮನೆಗಳಾಗಿ ಗೆರೆ ಎಳೆದ ದೊಡ್ಡ ಹಾಳೆಯಲ್ಲಿ ತಕ್ಕ ಮನೆಗೆ ಒಂದು ಗೀಟು ಎಳೆಯುತ್ತಿದ್ದ. ಕೊನೆಗೆ ಗೀಟುಗಳನ್ನು ಕೂಡಿದರೆ ಸಂಖ್ಯೆ ಸಿಗುತ್ತಿತ್ತು. ಆದರೆ ಗೀಟು ತಪ್ಪಾದ ಮನೆಗೆ ಬಿದ್ದರೆ ಅದು ಯಾರ ಲೆಕ್ಕದ್ದು ಎಂದು ಪತ್ತೆ ಹಚ್ಚುವ ದಾರಿಯಿರಲಿಲ್ಲ. ಅನುಮಾನ ಬಂದರೆ ಇಡೀ ಪಟ್ಟಿಯನ್ನು ಮೊದಲಿನಿಂದ ಓದಬೇಕಿತ್ತು. ಹೊಸ ಕೋಷ್ಟಕ ಬೇಕೆಂದಾಗಲೂ ಪಟ್ಟಿಯ ಪುಟಗಳನ್ನು ಮತ್ತೆ ತಿರುವಿ ಹಾಕಬೇಕಾಗುತ್ತಿತ್ತು.

ಇದೇ ತೊಡಕು ಬೇರೆ ದೇಶಗಳಲ್ಲೂ ಇತ್ತು. ಅಮೆರಿಕದಲ್ಲಿ 1880ರ ಗಣತಿಯ ಕೋಷ್ಟಕಗಳು ಮುಗಿಯಲು ಏಳೆಂಟು ವರ್ಷ ಹಿಡಿದವು. ಹರ್ಮನ್ ಹಾಲೆರಿತ್ ಒಬ್ಬ ವ್ಯಕ್ತಿಗೆ ಒಂದು ಕಾರ್ಡು ಎಂದು ಗೊತ್ತುಮಾಡಿ, ಅದರಲ್ಲಿ ವಯಸ್ಸು, ಲಿಂಗ, ವೈವಾಹಿಕ ಸ್ಥಿತಿ, ಹುಟ್ಟಿದ ಸ್ಥಳ ಮುಂತಾದವನ್ನು ರಂಧ್ರಗಳಿಂದ ಗುರುತಿಸಿ, ವಿದ್ಯುತ್ತಿನಿಂದ ಎಣಿಸುವ ಯಂತ್ರ ಕಟ್ಟಿದ. 1890ರ ಗಣತಿ ಅದರಲ್ಲಿ ನಡೆಯಿತು. ತಂತಿ ಜೋಡಿಸಿದ ಕ್ರಮ ಬದಲಿಸಿದರೆ ಎರಡು ಮೂರು ಷರತ್ತುಗಳು ಒಟ್ಟಿಗೆ ಕೂಡಿದ ಕಾರ್ಡುಗಳನ್ನು ಮಾತ್ರ ಆ ಯಂತ್ರ ಎಣಿಸುತ್ತಿತ್ತು. ಇಂಗ್ಲೆಂಡ್ ಇಂಥ ಯಂತ್ರಗಳನ್ನು ತನ್ನ ಗಣತಿಗೆ ತಂದದ್ದು 1911ರಲ್ಲಿ.

ಭಾರತ ಆಯ್ದುಕೊಂಡದ್ದು ಯಂತ್ರವನ್ನಲ್ಲ, ಕಾಗದದ ಚೀಟಿಯನ್ನು. ಬವೇರಿಯಾದ ಸಂಖ್ಯಾಶಾಸ್ತ್ರಜ್ಞ ಗೇಯೋರ್ಗ್ ಫಾನ್ ಮಾಯರ್ 1870ರ ದಶಕದ ಆರಂಭದಲ್ಲಿ ಬಳಸಿದ್ದ ಈ ಪದ್ಧತಿ 1901ರ ಗಣತಿಯಿಂದ ಇಲ್ಲಿ ಜಾರಿಗೆ ಬಂತು. ಆಗ ಎಣಿಸಬೇಕಿದ್ದ ಜನ ಸುಮಾರು 29 ಕೋಟಿ; ಮೈಸೂರು ಸಂಸ್ಥಾನವೊಂದರಲ್ಲೇ 55 ಲಕ್ಷ. ಪಟ್ಟಿಯಲ್ಲಿದ್ದ ಪ್ರತಿ ವ್ಯಕ್ತಿಯ ವಿವರವನ್ನೂ ಒಂದೊಂದು ಸಣ್ಣ ಚೀಟಿಗೆ ಇಳಿಸಲಾಗುತ್ತಿತ್ತು. ಚೀಟಿಯ ಬಣ್ಣ ಧರ್ಮವನ್ನು ಹೇಳುತ್ತಿತ್ತು. ಅದರ ಮೇಲೆ ಅಚ್ಚಾದ ಚಿಹ್ನೆ ಗಂಡೋ ಹೆಣ್ಣೋ, ಮದುವೆಯಾದವರೋ ಆಗದವರೋ ವಿಧವೆ ವಿಧುರರೋ ಎಂಬುದನ್ನು ತೋರಿಸುತ್ತಿತ್ತು. ನಕಲುಗಾರ ತಕ್ಕ ಬಣ್ಣದ, ತಕ್ಕ ಚಿಹ್ನೆಯ ಚೀಟಿ ಎತ್ತಿಕೊಂಡರೆ ಮೂರು ಉತ್ತರಗಳನ್ನು ಬರೆಯುವ ಶ್ರಮವೇ ತಪ್ಪುತ್ತಿತ್ತು. ವಯಸ್ಸು, ಜಾತಿ, ಕಸುಬು, ಹುಟ್ಟಿದ ಜಿಲ್ಲೆ, ಭಾಷೆ, ಅಕ್ಷರಜ್ಞಾನ ಇವನ್ನಷ್ಟೇ ಅವನು ಕೈಯಲ್ಲಿ ಬರೆಯುತ್ತಿದ್ದ.

ಬರೆದ ಚೀಟಿಗಳು ವಿಂಗಡಣೆಗಾರರ ಮುಂದೆ ಬರುತ್ತಿದ್ದವು. ಅವರೆದುರು ಅಂಚೆ ಕಚೇರಿಯಲ್ಲಿರುವಂಥ ಗೂಡುಗಳ ಸಾಲು. ಒಂದು ಧರ್ಮದ, ಒಂದು ಲಿಂಗದ ಚೀಟಿಗಳ ಕಟ್ಟನ್ನು ಮೊದಲು ವೈವಾಹಿಕ ಸ್ಥಿತಿಯಂತೆ ಮೂರು ಪಾಲು ಮಾಡಿ, ಒಂದೊಂದು ಪಾಲನ್ನೂ ವಯಸ್ಸಿನ ಗುಂಪುಗಳಂತೆ ಗೂಡುಗಳಿಗೆ ಹಾಕಿ, ಪ್ರತಿ ಗೂಡಿನ ಚೀಟಿಗಳನ್ನು ಎಣಿಸಿ ಬರೆದುಕೊಳ್ಳಲಾಗುತ್ತಿತ್ತು. ಆಮೇಲೆ ಅದೇ ಕಟ್ಟನ್ನು ಕೂಡಿಸಿ, ಅಕ್ಷರಜ್ಞಾನಕ್ಕೆಂದು ಇನ್ನೊಮ್ಮೆ, ಹುಟ್ಟಿದ ಜಿಲ್ಲೆಗೆಂದು ಮತ್ತೊಮ್ಮೆ ಬೇರ್ಪಡಿಸುವುದು. ಪ್ರತಿ ಸುತ್ತಿನ ಮೊತ್ತವೂ ಹಿಂದಿನ ಸುತ್ತಿನ ಮೊತ್ತಕ್ಕೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ತಪ್ಪು ಆ ಒಂದು ಕಟ್ಟಿನೊಳಗೇ ಇದೆ ಎಂದು ತಿಳಿಯುತ್ತಿತ್ತು. ಗೀಟು ಪದ್ಧತಿಯಲ್ಲಿ ಇಲ್ಲದಿದ್ದ ಅನುಕೂಲ ಇದು. ಕುರುಡು, ಹುಟ್ಟು ಕಿವುಡು ಮೂಗತನ, ಬುದ್ಧಿಭ್ರಮಣೆ, ಕುಷ್ಠ ಎಂಬ ನಾಲ್ಕು ಬಾಧೆಗಳಲ್ಲಿ ಯಾವುದಾದರೂ ಇದ್ದವರಿಗೆ ಪ್ರತ್ಯೇಕ ಚೀಟಿ ಮಾಡುತ್ತಿದ್ದರು. ಅಂಥವರು ಕಡಮೆ ಸಂಖ್ಯೆಯಲ್ಲಿದ್ದುದರಿಂದ ಲಕ್ಷಗಟ್ಟಲೆ ಚೀಟಿಗಳ ನಡುವೆ ಅವರನ್ನು ಹುಡುಕುವ ಕೆಲಸ ಇದರಿಂದ ಉಳಿಯುತ್ತಿತ್ತು.

ಈ ಪದ್ಧತಿಯ ಗುರುತು ವರದಿಗಳ ಮೇಲೂ ಬಿತ್ತು. ಧರ್ಮ ಕಾಗದದ ಬಣ್ಣದಲ್ಲೇ ಸೇರಿಹೋಗಿದ್ದರಿಂದ ಮೊದಲ ವಿಂಗಡಣೆ ಅದರದೇ ಆಗುತ್ತಿತ್ತು. ವಯಸ್ಸು ಮತ್ತು ವೈವಾಹಿಕ ಸ್ಥಿತಿಯ ಕೋಷ್ಟಕವೂ ಸಾಕ್ಷರತೆಯ ಕೋಷ್ಟಕವೂ ಧರ್ಮವಾರು ಭಾಗಗಳಲ್ಲಿ ಅಚ್ಚಾದವು. ಜಾತಿಯನ್ನು ಮಾತ್ರ ಓದಿ ಬೇರ್ಪಡಿಸಬೇಕಿದ್ದು, ಅದಕ್ಕೆ ಹೆಚ್ಚು ಕಾಲ ಬೇಕಾಗುತ್ತಿತ್ತು. ಆದ್ದರಿಂದ ಜಾತಿಯ ಜೊತೆ ವಯಸ್ಸು ಮತ್ತು ಮದುವೆಯ ವಿವರ ಕೂಡಿಸಿದ ಕೋಷ್ಟಕವನ್ನು ಆಯ್ದ ಕೆಲವು ಜಾತಿಗಳಿಗಷ್ಟೇ ಮಾಡಲಾಯಿತು.

ಷರತ್ತುಗಳ ಮೇಲೆ ಷರತ್ತು ಹಾಕಿ ಪಡೆದ ಸಂಖ್ಯೆಗಳು ಶಾಸನದ ಚರ್ಚೆಗೂ ಒದಗಿದವು. ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು 1894ರಲ್ಲೇ ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ 1929ರಲ್ಲಿ ಅಂಗೀಕಾರವಾಗಿ 1930ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚೆಯೇ ಮದುವೆ ಮುಗಿಸಿಬಿಡುವ ಧಾವಂತ ಎಲ್ಲೆಡೆ ಕಂಡಿತು. 1931ರ ಕೋಷ್ಟಕಗಳಲ್ಲಿ ಹದಿನೈದರೊಳಗಿನ ವಿವಾಹಿತ ಹೆಣ್ಣುಮಕ್ಕಳ ಸಂಖ್ಯೆ ಹತ್ತು ವರ್ಷ ಹಿಂದಿನ ಸುಮಾರು 85 ಲಕ್ಷದಿಂದ 1 ಕೋಟಿ 22 ಲಕ್ಷಕ್ಕೆ ಏರಿತ್ತು. ಆ ಸಲ ಮೈಸೂರು ಸಂಸ್ಥಾನದ ಗಣತಿಯ ಮೇಲ್ವಿಚಾರಣೆ ನಡೆಸಿ ವರದಿ ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್.

1941ರಲ್ಲಿ ನಕಲು ಮಾಡುವ ಹಂತವನ್ನೇ ಕೈಬಿಟ್ಟು, ಗಣತಿದಾರರೇ ನೇರವಾಗಿ ಚೀಟಿ ತುಂಬುವ ಏರ್ಪಾಡಾಯಿತು. ಯುದ್ಧದ ಖರ್ಚಿನಿಂದಾಗಿ ಪೂರ್ಣ ಕೋಷ್ಟಕಗಳು ಸಿದ್ಧವಾಗಲಿಲ್ಲ. ಮುಂದಿನ ಅಧ್ಯಯನಕ್ಕೆಂದು ನೂರಕ್ಕೆ ಎರಡರಂತೆ ಚೀಟಿಗಳನ್ನು ಮಾದರಿಯಾಗಿ ಎತ್ತಿಡಲಾಯಿತು. ಸ್ವಾತಂತ್ರ್ಯಾನಂತರ ಕೈಕೆಲಸದ ಜಾಗಕ್ಕೆ ಹಂತಹಂತವಾಗಿ ಯಂತ್ರಗಳೂ ಕಂಪ್ಯೂಟರುಗಳೂ ಬಂದವು. 2001ರಲ್ಲಿ ನಮೂನೆಗಳನ್ನು ಸ್ಕ್ಯಾನ್ ಮಾಡಿ ಕೈಬರಹವನ್ನು ಕಂಪ್ಯೂಟರೇ ಓದುವ ವ್ಯವಸ್ಥೆ ಜಾರಿಯಾಯಿತು. ಉತ್ತರಗಳನ್ನು ಎಷ್ಟು ಷರತ್ತುಗಳಿಂದ ಬೇಕಾದರೂ, ಯಾವ ಕ್ರಮದಲ್ಲಿ ಬೇಕಾದರೂ ಬೇರ್ಪಡಿಸುವುದು ಸುಲಭವಾಯಿತು.

ಆದರೂ ವಿಂಗಡಿಸಿದ್ದೆಲ್ಲ ವರದಿಗೆ ಬರುವುದಿಲ್ಲ. 1948ರ ಜನಗಣತಿ ಕಾಯಿದೆಯಂತೆ ವ್ಯಕ್ತಿಯೊಬ್ಬರ ಉತ್ತರವಿರುವ ದಾಖಲೆಯನ್ನು ನೋಡಲು ಯಾರಿಗೂ ಹಕ್ಕಿಲ್ಲ. ಒಟ್ಟುಗೂಡಿಸಿದ ಸಂಖ್ಯೆಗಳಷ್ಟೇ ಪ್ರಕಟವಾಗಬಹುದು. ಭಾಷೆಯ ವಿಷಯದಲ್ಲಿ ಇನ್ನೂ ಒಂದು ಮಿತಿಯಿದೆ. 1961ರ ಗಣತಿ 1,652 ಮಾತೃಭಾಷೆಗಳನ್ನು ಪಟ್ಟಿ ಮಾಡಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಮೆ ಜನ ಆಡುವ ಭಾಷೆಗಳನ್ನು ಪ್ರತ್ಯೇಕವಾಗಿ ತೋರಿಸದೆ ‘ಇತರೆ’ ಎಂಬ ಸಾಲಿಗೆ ಸೇರಿಸಲಾಗುತ್ತಿದೆ. 2011ರಲ್ಲಿ ಜನ ಹೇಳಿದ ಹೆಸರುಗಳು ಹತ್ತೊಂಬತ್ತು ಸಾವಿರ ದಾಟಿದ್ದವು. ಅವನ್ನು ಪರಿಶೀಲಿಸಿ, ಗುಂಪು ಮಾಡಿ, 121 ಭಾಷೆಗಳಿಗೆ ತರಲಾಯಿತು. ತುಳು ಅದರಲ್ಲಿ ಸ್ವತಂತ್ರ ಭಾಷೆಯಾಗಿ ನಿಂತರೆ, ನೀಲಗಿರಿಯ ಬಡಗರ ಭಾಷೆ ಕನ್ನಡದ ಲೆಕ್ಕದೊಳಗೆ ಸೇರಿದೆ.